ಕೇಳಿ ಬರೆದ ವಿಮರ್ಶೆ

ಈ ಪತ್ರಿಕೆಯ ವಾಚಕರಿಗೆ ನಾನು ಒಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕಾಗಿದೆ. ಕೆಲವು ತಿಂಗಳುಗಳ ಹಿಂದೆ ಇದೇ ಪುಟಗಳಲ್ಲಿ ಒಂದು ಆತ್ಮಕಥೆಯ ಮೇಲೆ ನನ್ನ ವಿಮರ್ಶೆ ಅಚ್ಚಾಗಿತ್ತು. ಎರಡೂವರೆ ಪುಟಗಳ ಆ ಲೇಖನವನ್ನು ಮೆಚ್ಚಿ ಕೆಲವರು ಪತ್ರ ಬರೆದರು. ಸಂಘದ ಸಭೆಯಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, “ಹೀಗೆ ಒಳಹೊಕ್ಕು ಓದುವವರು ಈಗ ಅಪೂರ್ವ” ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು. ನಿಜವೇನೆಂದರೆ, ನಾನು ಆ ಪುಸ್ತಕವನ್ನು ಓದಿರಲಿಲ್ಲ. ಅದರ ಮೇಲೆ ಇತರರು ಆಡಿದ ಮಾತುಗಳನ್ನು ಕೇಳಿದ್ದೆ, ಅಷ್ಟೇ. ಪುಸ್ತಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಪರಾಧ ಅದರದಲ್ಲ, ನನ್ನ ಹೆಸರಿನ ಪಕ್ಕದಲ್ಲಿ ಅದನ್ನು ಇನ್ನೊಮ್ಮೆ ನಿಲ್ಲಿಸಿ ನಗೆಗೀಡು ಮಾಡುವುದು ತರವಲ್ಲ.

ಇದು ಹೇಗಾಯಿತೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯಿರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ತರುವಾಯ ಇಲ್ಲಿ ದಂಡು ಬಂದು ಇಳಿಯಿತು. ದಂಡು ಹೋಗಿ ಬಹುಕಾಲವಾಯಿತು. ಹೆಸರು ಮಾತ್ರ ಜನರ ಬಾಯಲ್ಲಿಯೂ ರೈಲ್ವೆ ನಿಲ್ದಾಣದ ಹಲಗೆಯ ಮೇಲೂ ಉಳಿದಿದೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ನನಗಿಂತ ಹದಿಮೂರು ವರ್ಷ ದೊಡ್ಡವಳಾದ ಅಕ್ಕ, ಹೀಗೆ ಮೂವರು. ಅಕ್ಕ ಶಾಲೆಯಲ್ಲಿ ಓದಿದ್ದು ಸ್ವಲ್ಪ, ಮನೆಯಲ್ಲಿ ಓದಿದ್ದು ಬಹಳ. ಅನಕೃ, ತರಾಸು, ತ್ರಿವೇಣಿ, ಕಾರಂತ ಇವರೆಲ್ಲ ಆಕೆಗೆ ನೆಂಟರಿಷ್ಟರಿದ್ದಂತೆ. ಈಚಿನವರಲ್ಲಿ ಸಂಡೂರಿನ ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬುದನ್ನು ಮೂರು ಸಲ ಓದಿ, “ಈ ಹುಡುಗ ನಮ್ಮ ಕಡೆಯವನು, ಅದಕ್ಕೇ ತಾಯಿ ಮಾತು ಇಷ್ಟು ಸರಿಯಾಗಿ ಬಂದದೆ” ಎಂದಿದ್ದಳು. ನಾಲ್ಕು ವರ್ಷಗಳಿಂದ ಆಕೆಯ ಎರಡು ಕಣ್ಣುಗಳಲ್ಲಿಯೂ ನಡುವಣ ದೃಷ್ಟಿ ಮಸುಕಾಗಿದೆ. ಪುಟದ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಬಾಗಿಲಲ್ಲಿ ಯಾರೋ ನಿಂತಿರುವುದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಓದುವುದನ್ನು ಬಿಟ್ಟ ಮೊದಲ ತಿಂಗಳುಗಳಲ್ಲಿ ಆಕೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿರುತ್ತಿದ್ದುದನ್ನು ಕಂಡು ನನಗೆ ಕರುಳು ಕಿತ್ತು ಬರುತ್ತಿತ್ತು.

ಅಮೆರಿಕದಲ್ಲಿರುವ ಆಕೆಯ ಮಗ ರಜೆಯಲ್ಲಿ ಬಂದಾಗ ತಾಯಿಗಾಗಿ ಒಂದು ಮೊಬೈಲನ್ನೂ ಸಣ್ಣದೊಂದು ಸ್ಪೀಕರನ್ನೂ ತಂದಿಟ್ಟು, ಪಾಡ್‌ಕಾಸ್ಟ್ ಎಂಬುದನ್ನು ನಮಗೆ ಪರಿಚಯ ಮಾಡಿಸಿದನು. ಬಲ್ಲ ವಾಚಕರು ಕ್ಷಮಿಸಬೇಕು; ಅರಿಯದವರಿಗಾಗಿ ಹೇಳುತ್ತೇನೆ. ಆಕಾಶವಾಣಿಯ ಭಾಷಣಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ. ಅದು ಬರುವ ಹೊತ್ತಿಗೆ ನಾವು ಕಾದಿರಬೇಕು. ಇದು ನಾವು ಕರೆದ ಹೊತ್ತಿಗೆ ಬರುತ್ತದೆ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಂದಿನಿಂದ, 1950ರ ಜನವರಿಯಲ್ಲಿ ಧಾರವಾಡದ ನಿಲಯವು ಆರಂಭವಾದಂದಿನಿಂದ, ಕನ್ನಡಿಗನ ಕಿವಿಗೆ ಪಂಡಿತರ ಮಾತು ಮನೆಗೇ ಬರುವುದು ಹೊಸದೇನಲ್ಲ. ಈಗ ಅದು ಜೇಬಿಗೂ ಬಂದಿದೆ.

ಸೋದರಳಿಯನು ಮೊದಲು ಕೇಳಿಸಿದ್ದು ಅವನ ದೇಶದ ಒಬ್ಬ ವಿಮರ್ಶಕಿಯ ಮಾತನ್ನು. ಮೊರೀನ್ ಕಾರಿಗನ್ ಎಂದು ಹೆಸರು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯದ ಅಧ್ಯಾಪಕಿ. ಫಿಲಡೆಲ್ಫಿಯಾ ನಗರದಿಂದ ಪ್ರಸಾರವಾಗುವ ‘ಫ್ರೆಶ್ ಏರ್’ ಎಂಬ ಬಾನುಲಿ ಕಾರ್ಯಕ್ರಮಕ್ಕೆ 1989ರಿಂದ ಈಕೆ ಪುಸ್ತಕಗಳ ವಿಮರ್ಶೆಯನ್ನು ಮಾಡಿಕೊಂಡು ಬಂದವರು. ಹೊಸ ಕಾದಂಬರಿಯೋ ಹೊಸ ಆತ್ಮಕಥೆಯೋ ಹೊರಬಿದ್ದರೆ ಕೆಲವೇ ನಿಮಿಷಗಳಲ್ಲಿ, ನೆರೆಮನೆಯಾಕೆ ಬೇಲಿಯ ಮೇಲೆ ಕೈಯೂರಿ ಹೇಳುವಂತೆ, ಇದು ಇಂಥ ಪುಸ್ತಕ, ಇದರಲ್ಲಿ ನನಗೆ ಹಿಡಿಸಿದ್ದು ಇದು, ಹಿಡಿಸದ್ದು ಇದು ಎಂದು ಹೇಳಿಬಿಡುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಅಕ್ಕ ಕೂಡ, “ಈಕೆ ಸುಳ್ಳು ಹೇಳುವವಳಲ್ಲ” ಎಂದಳು. ಹೇಗೆ ತಿಳಿಯಿತೆಂದರೆ, “ಧ್ವನಿಯಲ್ಲಿ ತಿಳೀತದೆ” ಎಂದಳು.

ಅಲ್ಲಿಂದ ನಾವು ಕನ್ನಡಕ್ಕೆ ಬಂದೆವು. ‘ಋತುಮಾನ’ದಂಥ ಜಾಲಪತ್ರಿಕೆಯವರು ಬರಹದ ಜೊತೆಗೆ ಧ್ವನಿಯನ್ನೂ ಕೊಟ್ಟಿದ್ದಾರೆ, 2019ರಲ್ಲಿ ಆರಂಭವಾದ ‘ಬುಕ್ ಬ್ರಹ್ಮ’ದವರು ಲೇಖಕರನ್ನೂ ವಿಮರ್ಶಕರನ್ನೂ ಕೂಡಿಸಿ ಮಾತನಾಡಿಸಿದ್ದಾರೆ. ಹುಡುಕುತ್ತ ಹೋದಂತೆ ಅಧ್ಯಾಪಕರು, ಬ್ಯಾಂಕಿನ ನೌಕರರು, ವೈದ್ಯರು, ಇನ್ನೂ ಓದುತ್ತಿರುವ ತರುಣ ತರುಣಿಯರು ತಾವು ಓದಿದ ಪುಸ್ತಕವನ್ನು ಕುರಿತು ಪ್ರೀತಿಯಿಂದ ಮಾತನಾಡಿರುವುದು ಸಿಕ್ಕಿತು. ನಮ್ಮ ಮನೆಯ ದಿನಚರಿಯೇ ಬದಲಾಯಿತು. ಬೆಳಗಿನ ತಿರುಗಾಟದಲ್ಲಿ ನನ್ನ ಕಿವಿಯಲ್ಲಿ ಒಬ್ಬ ವಿಮರ್ಶಕ. ಸಂಜೆ ಒಗ್ಗರಣೆ ಮಂಡಾಳು, ಮಿರ್ಚಿಗಳ ಸಂಗಡ ಪಡಸಾಲೆಯಲ್ಲಿ ಇನ್ನೊಬ್ಬ ವಿಮರ್ಶಕ.

ಕಂಠದ ಮಹಿಮೆ ಬಳ್ಳಾರಿಯವರಿಗೆ ಹೊಸದಲ್ಲ. ವಕೀಲಿ ಮಾಡುತ್ತಲೇ ರಂಗವನ್ನು ಆಳಿದ ಬಳ್ಳಾರಿ ರಾಘವರ ಊರು ಇದು. ಅವರು 1946ರಲ್ಲಿ ತೀರಿಕೊಂಡರು; ನಾವು ಅವರನ್ನು ಕೇಳಿದವರಲ್ಲ, ಕೇಳಿದವರನ್ನು ಕೇಳಿದವರು. ಆದರೂ ಒಳ್ಳೆಯ ಧ್ವನಿ ಆಡಿದ್ದೆಲ್ಲ ನಿಜವೆಂದು ನಂಬುವ ಸ್ವಭಾವ ಆ ಪೀಳಿಗೆಯಿಂದ ನಮಗೂ ಇಳಿದು ಬಂದಿದೆಯೋ ಏನೋ! ಅಚ್ಚಾದ ವಿಮರ್ಶೆಯನ್ನು ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕುತ್ತೇನೆ. ಕಿವಿಗೆ ಅಂಚಿಲ್ಲ. ಬೆಚ್ಚನೆಯ ಧ್ವನಿಯೊಂದು ಕಿವಿಯಲ್ಲಿಯೇ ಕುಳಿತು ಹೇಳಿದ ಅಭಿಪ್ರಾಯವು, ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಅಭಿಪ್ರಾಯವೇ ಆಗಿರುತ್ತಿತ್ತು.

ಇಂಥ ಸಮಯದಲ್ಲಿ ಸಂಪಾದಕರು ಆ ಆತ್ಮಕಥೆಗೆ ವಿಮರ್ಶೆ ಬೇಕೆಂದರು. ಪುಸ್ತಕವನ್ನು ತರಿಸಿದೆ. ಮೊದಲ ಇಪ್ಪತ್ತು ಪುಟಗಳನ್ನೂ ಕಡೆಯ ಹತ್ತು ಪುಟಗಳನ್ನೂ ನೋಡಿದೆ. ಆ ವೇಳೆಗೆ ಅದರ ಮೇಲೆ ಮೂವರ ಮಾತನ್ನು ಕೇಳಿದ್ದೆನಾದ್ದರಿಂದ ಪುಸ್ತಕದ ಒಳಹೊರಗೆಲ್ಲ ನನಗೆ ತಿಳಿದಿದೆಯೆಂದೇ ಭಾವಿಸಿದೆ. ಒಂದೇ ರಾತ್ರಿ ಕುಳಿತು ಬರೆದೆ. ಬರೆಯುವಾಗ ಕೈ ತಡೆಯಲಿಲ್ಲ. ಓದಿ ಬರೆದ ವಿಮರ್ಶೆಗಳಲ್ಲೆಲ್ಲ ಕೈ ತಡೆದದ್ದುಂಟು. ಅದನ್ನು ಕಂಡಾದರೂ ನಾನು ಎಚ್ಚರಗೊಳ್ಳಬೇಕಾಗಿತ್ತು.

ಸಂಚಿಕೆ ಬಂದ ದಿನ ಅಕ್ಕನ ಬಳಿ ಕುಳಿತು ನನ್ನ ಲೇಖನವನ್ನು ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿಕೊಂಡು ಕೊನೆಯ ವಾಕ್ಯದವರೆಗೂ ಕೇಳಿದಳು. ಅನಂತರ ಒಂದು ಪ್ರಶ್ನೆಯನ್ನು ಕೇಳಿದಳು.

“ತಮ್ಮಾ, ಆ ಹುಡುಗಿ ಮನೆ ಬಿಟ್ಟು ಹೊರಟಳು ಅಂದಿಯಲ್ಲ, ಆಗ ಅವಳ ತಾಯಿ ಏನು ಮಾಡಿದಳು?”

ನನಗೆ ಉತ್ತರ ಗೊತ್ತಿರಲಿಲ್ಲ. ಆ ಮೂವರಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ಒಬ್ಬರು ಶೈಲಿಯನ್ನು, ಒಬ್ಬರು ಸಾಮಾಜಿಕ ಹಿನ್ನೆಲೆಯನ್ನು, ಇನ್ನೊಬ್ಬರು ಸ್ತ್ರೀಯರ ಆತ್ಮಕಥೆಗಳ ಪರಂಪರೆಯನ್ನು ಕುರಿತು ಹೇಳಿದ್ದರು. “ಅದೇನೂ ಅಷ್ಟು ಮುಖ್ಯವಾಗಿ ಬಂದಿಲ್ಲ” ಎಂದೆ. ಅಕ್ಕ ನನ್ನ ಕಡೆಗೆ ಮುಖ ತಿರುಗಿಸಿದಳು. ಕಾಣದ ಕಣ್ಣಿನ ಮುಂದೆ ಸುಳ್ಳು ಹೇಳುವುದು ಕಾಣುವ ಕಣ್ಣಿನ ಮುಂದೆ ಹೇಳುವುದಕ್ಕಿಂತ ಕಷ್ಟ.

“ನೀನು ಓದಿಲ್ಲ” ಎಂದಳು. ಗದರಿಸಲಿಲ್ಲ, ಹಾಲು ಒಡೆದಿದೆ ಎಂದು ಹೇಳುವಂತೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ, “ನನಗೆ ಕಣ್ಣಿಲ್ಲ, ಕೇಳ್ತೀನಿ. ನಿನಗೇನಾಗಿತ್ತು?” ಎಂದಳು.

ಮಾರನೆಯ ಮಧ್ಯಾಹ್ನದಿಂದ ನನ್ನ ಪ್ರಾಯಶ್ಚಿತ್ತ ಆರಂಭವಾಯಿತು. ಬಳ್ಳಾರಿಯ ಬೇಸಗೆಯಲ್ಲಿ ಮಧ್ಯಾಹ್ನವೆಂದರೆ ಹೊರಗೆ ಕಾಗೆಯೂ ಕೂಗದ ಹೊತ್ತು. ಕಿಟಕಿಗಳನ್ನು ಮುಚ್ಚಿ, ಪಂಕದ ಕೆಳಗೆ ಕುಳಿತು, ಆ ಪುಸ್ತಕವನ್ನು ಮೊದಲ ಪುಟದಿಂದ ಅಕ್ಕನಿಗೆ ಗಟ್ಟಿಯಾಗಿ ಓದಿದೆ. ದಿನಕ್ಕೊಂದು ಅಧ್ಯಾಯ, ಹನ್ನೊಂದು ದಿನ ಹಿಡಿಯಿತು. ತಾಯಿ ಏನು ಮಾಡಿದಳೆಂಬುದು ಆರನೆಯ ದಿನ ಬಂದಿತು. ತಾಯಿ ಏನೂ ಆಡಲಿಲ್ಲ. ಎರಡು ದಿನ ಮಗಳ ತಟ್ಟೆಯನ್ನು ಎಲ್ಲರ ತಟ್ಟೆಗಳ ಜೊತೆಗೆ ಹಾಕಿ, ಬಡಿಸದೆ ಹಾಗೆಯೇ ಎತ್ತಿಟ್ಟಳು. ಈ ಸಂಗತಿಯನ್ನು ಬಹಳ ಕಾಲದ ಮೇಲೆ ತಮ್ಮನ ಬಾಯಿಂದ ಕೇಳಿ ತಿಳಿದ ಆ ಲೇಖಕಿ ಅಲ್ಲಿ ತಂದೆಯ ಮೇಲೆ, ಊರಿನ ಮೇಲೆ, ತನ್ನ ಮೇಲೆ ಕಾರಿದ ಕೋಪ ನಾಲ್ಕು ಪುಟಗಳ ಉದ್ದ ಇದೆ. ನನ್ನ ವಿಮರ್ಶೆಯಲ್ಲಿ ನಾನು ಬರೆದಿದ್ದೆ: ಈ ಪುಸ್ತಕದಲ್ಲಿ ಕಹಿಯ ಲವಲೇಶವೂ ಇಲ್ಲ!

ಓದುವುದನ್ನು ಅಲ್ಲಿಗೆ ನಿಲ್ಲಿಸಿದೆ. ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಎದ್ದು ಹೋಗಿ ಆ ಹಳೆಯ ಪಾಡ್‌ಕಾಸ್ಟನ್ನು ಮತ್ತೆ ಹಾಕಿ ಕೇಳಿದೆ. ಹಾಗೆ ತಪ್ಪು ಹೇಳಿದ ಆ ವಿಮರ್ಶಕನನ್ನು ಬೈಯುವುದೇ ನನ್ನ ಉದ್ದೇಶವಾಗಿತ್ತು. ಆದರೆ ಆತನು ಹೇಳಿದ್ದು ಬೇರೆ. ಕೊನೆಯ ಅಧ್ಯಾಯಗಳಿಗೆ ಬರುವಷ್ಟರಲ್ಲಿ ಕಹಿ ಉಳಿದಿಲ್ಲ ಎಂದು ಸರಿಯಾಗಿಯೇ ಹೇಳಿದ್ದನು. ‘ಕೊನೆಯ ಅಧ್ಯಾಯಗಳಿಗೆ ಬರುವಷ್ಟರಲ್ಲಿ’ ಎಂಬ ಮಾತನ್ನು ನನ್ನ ಕಿವಿ ರೈಲ್ವೆ ಗೇಟಿನ ಸದ್ದಿನಲ್ಲಿಯೋ ಪರಿಚಿತರಿಗೆ ನಮಸ್ಕಾರ ಮಾಡುವ ಗಡಿಬಿಡಿಯಲ್ಲಿಯೋ ಎಲ್ಲಿಯೋ ಬೀಳಿಸಿಕೊಂಡಿತ್ತು. ಕಣ್ಣು ಸಂದೇಹ ಬಂದರೆ ಹಿಂದಿನ ಸಾಲಿಗೆ ಹೋಗುತ್ತದೆ. ಕಿವಿಗೆ ಆ ಅಭ್ಯಾಸವಿಲ್ಲ. ಹಿಂದಕ್ಕೆ ತಿರುಗಿಸುವ ಗುಂಡಿ ಯಂತ್ರದಲ್ಲಿದ್ದರೂ ಬೆರಳು ಅದರ ಕಡೆಗೆ ಹೋಗುವುದಿಲ್ಲ. ಹೀಗೆ ಒಬ್ಬನು ಎಚ್ಚರದಿಂದ ಆಡಿದ ಮಾತು ಎರಡನೆಯವನ ಕೈಯಲ್ಲಿ ಎಚ್ಚರಗೇಡಿಯಾಗಿ ಅಚ್ಚಾಯಿತು.

ಕಾದಂಬರಿಯ ವಿಷಯದಲ್ಲಿ ಹೀಗೆ ಮಾಡಿದ್ದರೆ ಅದು ಕಲೆಗೆ ಮಾಡಿದ ಅನ್ಯಾಯವೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಇದು ಒಬ್ಬಾಕೆ ಬಾಳಿದ ಬಾಳು. ಮೂವತ್ತು ವರ್ಷ ನುಂಗಿಕೊಂಡ ಕೋಪವನ್ನು ಆಕೆ ಧೈರ್ಯ ತಂದುಕೊಂಡು ಬರೆದಿದ್ದಾಳೆ. ನಾನು ಅದನ್ನು ಇಲ್ಲವೆಂದು ಸಾಕ್ಷಿ ಹೇಳಿದೆ, ಅದೂ ಹೊಗಳಿಕೆಯ ರೂಪದಲ್ಲಿ. ಆ ವಾಕ್ಯವನ್ನು ಆಕೆ ಓದಿದ್ದರೆ ಏನೆಂದುಕೊಂಡಿರಬೇಡ!

ಆ ಹನ್ನೊಂದು ದಿನಗಳಲ್ಲಿ ನನಗೆ ಬಾಲ್ಯದ ಒಂದು ನೋಟ ಮೇಲಿಂದ ಮೇಲೆ ನೆನಪಿಗೆ ಬರುತ್ತಿತ್ತು. ದೇವಸ್ಥಾನದ ಕಟ್ಟೆಯ ಮೇಲೆ ಗಮಕಿಯೊಬ್ಬರು ಕುಮಾರವ್ಯಾಸನ ಭಾರತವನ್ನು ಓದುವರು. ಪಕ್ಕದಲ್ಲಿ ಕುಳಿತ ಶಾಸ್ತ್ರಿಗಳು ಅರ್ಥ ಹೇಳುವರು. ಕಿವಿಯಿಂದ ಸಾಹಿತ್ಯವನ್ನು ತಿಳಿಯುವ ವಿದ್ಯೆ ನಮಗೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಅಕ್ಷರವಿಲ್ಲದ ಒಕ್ಕಲಿಗನೂ ಕರ್ಣನಿಗಾಗಿ ಅತ್ತದ್ದು ಕಿವಿಯ ದಾರಿಯಿಂದಲೇ. ಆದರೆ ಅಲ್ಲಿ ಒಂದು ಕಟ್ಟಳೆಯಿತ್ತು: ಪದ್ಯ ಮೊದಲು, ವ್ಯಾಖ್ಯಾನ ಆಮೇಲೆ. ಶಾಸ್ತ್ರಿಗಳು ಎಷ್ಟೇ ವಿದ್ವಾಂಸರಾಗಲಿ, ಕವಿಯ ಮಾತು ಸಭೆಯ ಕಿವಿಗೆ ಬಿದ್ದ ಮೇಲೆಯೇ ಅವರು ಬಾಯಿ ತೆರೆಯಬೇಕು. ಅವರು ಅರ್ಥವನ್ನು ಎಳೆದಾಡಿದರೆ ಕೇಳಿದವರಲ್ಲಿ ಒಬ್ಬನಾದರೂ, “ಸ್ವಾಮೀ, ಪದ್ಯದಲ್ಲಿ ಹಾಗಿಲ್ಲವಲ್ಲ” ಎನ್ನಬಹುದಾಗಿತ್ತು. ಈಗಿನ ಶ್ರವಣವಿಮರ್ಶೆಯಲ್ಲಿ ಬಹುಮಟ್ಟಿಗೆ ವ್ಯಾಖ್ಯಾನ ಮಾತ್ರ ಮನೆಗೆ ಬರುತ್ತದೆ. ಪದ್ಯ ಪುಸ್ತಕದ ಅಂಗಡಿಯಲ್ಲಿಯೇ ಉಳಿದಿರುತ್ತದೆ. ಅದನ್ನು ಹೋಗಿ ತರುವುದು ಕೇಳಿದವನ ಪಾಲಿನ ಕೆಲಸ. ನಾನು ಪುಸ್ತಕವನ್ನು ತಂದೂ ಅದರ ಪಾಲಿನ ಕೆಲಸವನ್ನು ಮಾಡಲಿಲ್ಲ.

ಪುಸ್ತಕವೇ ಕೈಗೆ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ನಮ್ಮವರೇ ಆದ ಬೀಚಿಯವರು ಸಾಕ್ಷಿ. 1913ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸು ಇಲಾಖೆಯಲ್ಲಿ ದುಡಿದ ಆ ಮಹನೀಯರಿಗೆ ಮೊದಲು ಕನ್ನಡ ಪುಸ್ತಕವೆಂದರೆ ತಾತ್ಸಾರವಿತ್ತಂತೆ. ಅನಕೃ ಅವರ ‘ಸಂಧ್ಯಾರಾಗ’ ಎಂಬ ಕಾದಂಬರಿಯನ್ನು ಓದಿದ್ದೇ ಅವರ ಮನಸ್ಸನ್ನು ಕನ್ನಡದ ಕಡೆಗೆ ತಿರುಗಿಸಿತೆಂಬುದು ಎಲ್ಲರೂ ಬಲ್ಲ ಸಂಗತಿ. ಮುಂದೆ ಅವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಅವರನ್ನು ಆ ದಾರಿಗೆ ತಂದದ್ದು ಕಾದಂಬರಿಯನ್ನು ಕುರಿತ ಯಾರ ಭಾಷಣವೂ ಅಲ್ಲ, ಕಾದಂಬರಿ.

ಇಷ್ಟು ಹೇಳಿದುದರಿಂದ ನಾನು ಪಾಡ್‌ಕಾಸ್ಟಿನ ವೈರಿಯಾಗಿಬಿಟ್ಟೆನೆಂದು ವಾಚಕರು ತಿಳಿಯಬಾರದು. ಹೊಸ ಯಂತ್ರವನ್ನು ಬೈದು ಹಳೆಯ ಯಂತ್ರವನ್ನು ಹೊಗಳುವುದು ಈ ಊರಿನವನಿಗೆ ಸಲ್ಲದು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗನು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ಅಚ್ಚಿನ ಅನುಕೂಲಕ್ಕಾಗಿ ಬಳ್ಳಾರಿಗೇ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಅಂದು ಅಚ್ಚಿನ ಮೊಳೆಗಳೇ ಹೊಸ ಯಂತ್ರ. ಅಚ್ಚಾದ ಮಾತ್ರಕ್ಕೆ ಮಾತು ಸತ್ಯವಾಗದೆಂಬುದನ್ನು ಆಗಿನವರು ಮೆಲ್ಲಮೆಲ್ಲನೆ ಕಲಿತಿರಬೇಕು. ಇಂಪಾಗಿ ಕೇಳಿದ ಮಾತ್ರಕ್ಕೆ ಆಗದೆಂಬುದನ್ನು ನಾವು ಕಲಿಯಬೇಕಾಗಿದೆ.

ಕಲಿಯುವುದಕ್ಕೆ ದಾರಿಯೂ ಅಕ್ಕನಿಂದಲೇ ದೊರೆಯಿತು. ಆ ಪುಸ್ತಕ ಮುಗಿದ ಮೇಲೆ, “ಇನ್ನೊಂದು ಓದು” ಎಂದಳು. ಯಾವುದೆಂದು ಕೇಳಿದರೆ, “ಕಲ್ಲುಕಂಬದ ಮಂಜಮ್ಮನದು” ಎಂದಳು. ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯೆಂಬ ಹೆಸರಿನಲ್ಲಿ ಹುಟ್ಟಿ, ಜೋಗತಿಯಾಗಿ, ಮನೆಯನ್ನು ಕಳೆದುಕೊಂಡು, ಜೋಗತಿ ಕುಣಿತದಿಂದ ಬಾಳನ್ನು ಕಟ್ಟಿಕೊಂಡ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅವರು ಹೇಳಿದ ಬಾಳಿನ ಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿ ನಿರೂಪಿಸಿದ್ದಾರೆ. ಬಾಯಿಂದ ಬಂದು ಬರಹವಾದ ಪುಸ್ತಕ ಅದು. ನಾನು ಗಟ್ಟಿಯಾಗಿ ಓದಿದಾಗ ಅದು ಪುನಃ ಬಾಯ ಮಾತಾಯಿತು. ನನ್ನ ಕಾಲೇಜು ಕನ್ನಡದ ನಾಲಗೆ ಎಲ್ಲಿಯಾದರೂ ಮಾತನ್ನು ತಿದ್ದಿ ನಯಮಾಡಿದರೆ, “ಹಾಗೆ ಬರೆದಿಲ್ಲ, ನಮ್ಮ ಕಡೆಯವರು ಹಾಗೆ ಆಡೋದಿಲ್ಲ, ಸರಿಯಾಗಿ ಓದು” ಎಂದು ಅಕ್ಕ ತಡೆಯುತ್ತಿದ್ದಳು. ಅಕ್ಷರ ಕಾಣದ ಆಕೆಗೆ ತಪ್ಪು ಹೇಗೆ ಕಾಣುತ್ತಿತ್ತೋ!

ಓದಿ ಮುಗಿಸಿದ ಮೇಲೆ ಆ ಪುಸ್ತಕವನ್ನು ಕುರಿತು ಆಡಿದ ಮಾತುಗಳನ್ನು ಹುಡುಕಿ ಕೇಳಿದೆವು. ಈ ಸಲದ ಅನುಭವವೇ ಬೇರೆ. ಮಾತನಾಡುವವರು ಒಂದು ಸಂದರ್ಭವನ್ನು ಎತ್ತಿದರೆ ಅಕ್ಕ, “ಹೌದು, ಅಲ್ಲಿ ನನಗೂ ಹಾಗೇ ಆಯಿತು” ಎನ್ನುವಳು. ಇನ್ನೊಂದು ಕಡೆ, “ಈತ ಅದನ್ನು ಬಿಟ್ಟುಬಿಟ್ಟ” ಎಂದು ಕೈ ಬೀಸುವಳು. ನಾನೂ ಎರಡು ಕಡೆ ನಿಲ್ಲಿಸಿ, ಪುಟ ತಿರುಗಿಸಿ, ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಿದೆ. ಒಂದು ಕಡೆ ವಿಮರ್ಶಕರು ಕಂಡದ್ದು ನಮಗೆ ಕಂಡಿರಲಿಲ್ಲ. ಆ ಭಾಗವನ್ನು ಮರಳಿ ಓದಿ ಅವರಿಗೆ ಮನಸ್ಸಿನಲ್ಲಿಯೇ ವಂದಿಸಿದೆವು. ಪಡಸಾಲೆಯಲ್ಲಿ ಮೂವರು ಕುಳಿತು ವಾದ ಮಾಡಿದಂತಾಯಿತು. ಮೂರನೆಯವರಿಗೆ ಮಿರ್ಚಿ ಕೊಡಲಾಗಲಿಲ್ಲ, ಅಷ್ಟೇ ಕೊರತೆ. ಅದೇ ಯಂತ್ರ, ಅದೇ ಬಗೆಯ ಧ್ವನಿ. ಓದದೆ ಕೇಳಿದಾಗ ವದಂತಿಯಾಗಿದ್ದುದು ಓದಿ ಕೇಳಿದಾಗ ಸಂವಾದವಾಯಿತು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರು ಮಾಡಿದ ‘ಹಾರ್ಟ್ ಲ್ಯಾಂಪ್’ ಎಂಬ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಆಡುವವರ ಬಾಯಿಗೂ ಕೇಳುವವರ ಕಿವಿಗೂ ಹಬ್ಬವಾಯಿತು. ಲೋಕದ ಮೂಲೆಮೂಲೆಯಿಂದ ಜನರು ಕನ್ನಡದ ಹನ್ನೆರಡು ಕಥೆಗಳನ್ನು ಕುರಿತು ಮಾತನಾಡುವುದನ್ನು ಕೇಳಿ ನನಗೂ ಎದೆಯುಬ್ಬಿತು. ಸಂಘದ ಮಿತ್ರರಲ್ಲಿ ಆ ಕಥೆಗಳ ಮೇಲೆ ಬಿಸಿಯಾದ ಚರ್ಚೆಯೂ ನಡೆಯಿತು. ಮನೆಗೆ ಬಂದು ಅಕ್ಕನಿಗೆ ವರದಿ ಒಪ್ಪಿಸಿದೆ. “ನಿಮ್ಮಲ್ಲಿ ಎಷ್ಟು ಮಂದಿ ಕಥೆ ಓದಿದ್ದರು?” ಎಂದು ಕೇಳಿದಳು. ನಾನು ಬೆರಳು ಎಣಿಸತೊಡಗಿದೆ. ಒಂದು ಕೈ ಸಾಕಾಯಿತು. ಆ ವಾರ ಕಥೆಗಳನ್ನು ಕನ್ನಡದಲ್ಲಿಯೇ ತರಿಸಿದೆವು.

ಈಗ ನಮ್ಮ ಮನೆಯಲ್ಲಿ ಒಂದು ನೇಮವಿದೆ. ಬೆಳಗ್ಗೆ ವಿಮರ್ಶಕರ ಮಾತನ್ನು ಕೇಳಬಹುದು. ಅದು ಯಾವ ಪುಸ್ತಕ ತರಿಸಬೇಕೆಂಬುದನ್ನು ತಿಳಿಯುವುದಕ್ಕೆ. ಬಳ್ಳಾರಿಯಂಥ ಊರಿನಲ್ಲಿ ಕುಳಿತವನಿಗೆ ಎಲ್ಲಿಯೋ ಅಚ್ಚಾದ ಒಳ್ಳೆಯ ಪುಸ್ತಕದ ಸುಳಿವು ಸಿಕ್ಕುವುದು ಸಣ್ಣ ಉಪಕಾರವಲ್ಲ. ಮಧ್ಯಾಹ್ನ ಪುಸ್ತಕವನ್ನು ಗಟ್ಟಿಯಾಗಿ ಓದತಕ್ಕದ್ದು. ಪುಸ್ತಕ ಮುಗಿದ ದಿನ ಸಂಜೆ ಅದೇ ವಿಮರ್ಶಕರನ್ನು ಮರಳಿ ಕರೆಸಿ ಕೇಳತಕ್ಕದ್ದು. ಈ ನೇಮದಿಂದ ಪುಸ್ತಕಗಳ ಲೆಕ್ಕ ಕಡಿಮೆಯಾಗಿದೆ. ಮೊದಲು ವಾರಕ್ಕೆ ಐದು ಪುಸ್ತಕಗಳ ಮೇಲೆ ಮಾತನಾಡಬಲ್ಲವನಾಗಿದ್ದೆ. ಈಗ ತಿಂಗಳಿಗೆ ಎರಡರ ಮೇಲೆ ಮಾತ್ರ. ಸಭೆಗಳಲ್ಲಿ, “ಅದನ್ನು ನಾನಿನ್ನೂ ಓದಿಲ್ಲ” ಎನ್ನಬೇಕಾಗಿ ಬರುತ್ತದೆ. ಮೊದಲೆರಡು ಸಲ ನಾಲಗೆ ತೊಡರಿತು, ಈಗ ಅಭ್ಯಾಸವಾಗಿದೆ.

ಆ ಆತ್ಮಕಥೆಗೆ ಹೊಸದಾಗಿ ಬರೆದ ವಿಮರ್ಶೆಯನ್ನು ಈ ಲೇಖನದ ಸಂಗಡ ಸಂಪಾದಕರಿಗೆ ಕಳುಹಿಸಿದ್ದೇನೆ. ಅಚ್ಚು ಮಾಡುವುದೂ ಬಿಡುವುದೂ ಅವರ ಚಿತ್ತ. ಹಿಂದಿನದನ್ನು ನಂಬಿ ಪುಸ್ತಕವನ್ನು ಕೊಂಡವರು ಕ್ಷಮಿಸಬೇಕು. ಕೊಂಡವರು ಈಗಾಗಲೇ ಓದಿದ್ದರೆ ನನ್ನ ತಪ್ಪನ್ನು ನನಗಿಂತ ಮೊದಲೇ ಕಂಡಿರುತ್ತಾರೆ.

ಅಂಚೆಗೆ ಹಾಕುವ ಮೊದಲು ಇದನ್ನು ಅಕ್ಕನಿಗೆ ಓದಿ ಹೇಳಿದೆ. ಎಂದಿನಂತೆ ಕೊನೆಯವರೆಗೂ ಕೇಳಿ, “ಆ ಅಮೆರಿಕದಾಕೆ ಪುಸ್ತಕ ಬರೆದಿದ್ದಾಳೇನು?” ಎಂದಳು. ಓದುವುದರ ಮೇಲೆಯೇ 2005ರಲ್ಲಿ ಒಂದು ಆತ್ಮಕಥೆಯನ್ನು ಬರೆದಿದ್ದಾರೆಂದೂ ‘ಲೀವ್ ಮಿ ಅಲೋನ್, ಐಯಾಮ್ ರೀಡಿಂಗ್’ ಎಂದು ಅದರ ಹೆಸರೆಂದೂ ಹೇಳಿದೆ. ನನ್ನ ಪಾಡಿಗೆ ನನ್ನನ್ನು ಬಿಡಿ, ಓದುತ್ತಿದ್ದೇನೆ ಎಂದು ಅರ್ಥವಾಗುತ್ತದೆಂದು ತಿಳಿಸಿದೆ.

“ಹೆಸರು ಚೆನ್ನಾಗದೆ. ನೀನು ಓದಿದ್ದೀಯೋ?”

“ಇಲ್ಲ ಅಕ್ಕ. ಅದಕ್ಕೇ ಅದು ಹೇಗಿದೆಯೆಂದು ಲೇಖನದಲ್ಲಿ ಹೇಳಿಲ್ಲ.”

“ಹಾಗಾದರೆ ಅಂಚೆಗೆ ಹಾಕು” ಎಂದಳು.